ಹಿನ್ನೀರಿನ ದಂಡೆಯಲ್ಲಿ ಒಂದು ರಾತ್ರಿ

ಗಾಳ ಹಾಕೋದು ನಿಮಗೆ ಹೊಸದಲ್ಲ. ಸಣ್ಣವರಿದ್ದಾಗ ಹಳ್ಳದಲ್ಲಿ ಹಾಕೇ ಇರ್ತೀರಿ. ಆದರೆ ದೊಡ್ಡ ನೀರಿನ ದಂಡೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ, ರಾತ್ರಿ ಉಳಿದು ಮೀನು ಹಿಡಿಯೋದು ಬೇರೆ. ಸೊಲ್ಲಾಪುರ ಜಿಲ್ಲೆಯಲ್ಲಿ ಅಂಥ ನೀರು ಅಂದರೆ ಉಜನಿ. ಭೀಮಾ ನದಿಗೆ ಕಟ್ಟಿದ ಈ ಅಣೆಕಟ್ಟು 1980ರಲ್ಲಿ ಮುಗಿಯಿತು. ಅಕ್ಕಲಕೋಟೆಯವರಿಗೆ ಬೋರಿ ನದಿಯ ಕುರನೂರ ಹತ್ತಿರ. ಎಲ್ಲಿ ಹೋದರೂ ಮಾತು ಒಂದೇ.

ಹೊತ್ತು ಮುಳುಗುವ ಮೊದಲೇ ದಂಡೆ ಸೇರಿರಿ. ಕತ್ತಲಲ್ಲಿ ಜಾಗ ಹುಡುಕಬ್ಯಾಡ್ರಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಿರುತ್ತದೆ. ಅಲ್ಲಿನ ಎರೆಮಣ್ಣು ಮೇಲೆ ಒಣಗಿ ಬಿರಿದಿರುತ್ತದೆ, ಒಳಗೆ ಬರೀ ರಾಡಿ. ಕಾಲಿಟ್ಟರೆ ಮೊಣಕಾಲ ತನಕ ಇಳಿಯುತ್ತದೆ. ಕೋಲಿನಿಂದ ಚುಚ್ಚಿ ನೋಡಿ ಹೆಜ್ಜೆ ಇಡಿ.

ಮೊದಲು ಅಲ್ಲಿನ ಮೀನುಗಾರರನ್ನು ಕೇಳಿರಿ. ಯಾಕೆ? ಕಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆ ಇಡೋದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ನೀರು ಬೇಕು. ಅದಕ್ಕೇ ಕೆರೆಗಳಿಗೆ ಮರಿ ತಂದು ಬಿಡುತ್ತಾರೆ. ಆ ಮರಿಗೆ ಯಾರೋ ರೊಕ್ಕ ಕೊಟ್ಟಿರುತ್ತಾರೆ, ನೀರನ್ನು ಗುತ್ತಿಗೆ ಹಿಡಿದಿರುತ್ತಾರೆ. ಕೇಳದೆ ಹಿಡಿದರೆ ಜಗಳ ಬರುತ್ತದೆ. ಕೇಳಿದರೆ ಎಷ್ಟೋ ಸಲ ಒಳ್ಳೆಯ ಜಾಗವನ್ನೂ ಅವರೇ ತೋರಿಸುತ್ತಾರೆ.

ಚಿಲಾಪಿಯ ಕಥೆ ಬೇರೆ. ಇದು ಆಫ್ರಿಕಾದ ಮೀನು. ನಮ್ಮ ದೇಶಕ್ಕೆ ಮೊದಲು ಬಂದದ್ದು 1952ರಲ್ಲಿ. ಇದಕ್ಕೆ ಹರಿಯುವ ನೀರು ಬೇಕಿಲ್ಲ. ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಮರಿ ಒಡೆದ ಮೇಲೂ ಹೆದರಿಕೆಯಾದರೆ ಮರಿಗಳು ಮತ್ತೆ ತಾಯಿಯ ಬಾಯೊಳಗೆ ಓಡುತ್ತವೆ! ಅದಕ್ಕೇ ಇದು ಎಲ್ಲ ಕಡೆ ತುಂಬಿಕೊಂಡಿದೆ. ನಿಮ್ಮ ಗಾಳಕ್ಕೆ ಹೆಚ್ಚಾಗಿ ಬೀಳೋದೂ ಇದೇ. ಇದಕ್ಕೆ ಎರೆಹುಳ ಸಾಕು. ರೋಹು ಬೇಕಂದರೆ ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ ಕಲಸಿ ಉಂಡೆ ಮಾಡಿ ಸಿಕ್ಕಿಸಿರಿ. ಬೇಸಿಗೆಯ ಮಧ್ಯಾಹ್ನ ಮೇಲಿನ ನೀರು ಕಾದಿರುತ್ತದೆ, ಮೀನು ಆಳಕ್ಕೆ ಹೋಗಿರುತ್ತದೆ. ಸಂಜೆ ತಂಪಾದ ಮೇಲೆ ದಂಡೆಯ ಕಡೆ ಬರುತ್ತದೆ. ಆಗ ಬೆಂಡಿನ ಮೇಲೆ ಕಣ್ಣಿಡಿ.

ಈಗ ಗಾಳಿಯ ಮಾತು. ಇದನ್ನು ನಿಧಾನವಾಗಿ ಓದಿರಿ.

2024ರ ಮೇ 21ರ ಸಂಜೆ ಉಜನಿ ಹಿನ್ನೀರಿನಲ್ಲಿ ಒಂದು ದೋಣಿ ಕುಗಾಂವದಿಂದ ಕಳಾಶಿಗೆ ಹೊರಟಿತ್ತು. ಬಿರುಗಾಳಿ ಎದ್ದಿತು. ದೋಣಿ ಮಗುಚಿ ಆರು ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಒಬ್ಬರು ಮಾತ್ರ ಈಜಿ ದಂಡೆ ಸೇರಿದರು. ಮುಂಗಾರಿಗೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ, ಇಂಥ ಗಾಳಿ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಇಲ್ಲವೇ ಸಂಜೆ ಬರುತ್ತದೆ. ಕರಿ ಮೋಡ ಕಟ್ಟುತ್ತದೆ. ಸೆಕೆ ಇದ್ದಕ್ಕಿದ್ದಂತೆ ಹೋಗಿ ತಣ್ಣನೆ ಗಾಳಿ ಬೀಸುತ್ತದೆ. ‘ಆಹಾ, ತಂಪಾಯ್ತು’ ಅಂತ ಕೂತರೆ ಕೆಟ್ಟಿರಿ. ಆ ತಂಪೇ ಗುರುತು. ಹತ್ತು ನಿಮಿಷದಲ್ಲಿ ನೀರು ಎದ್ದು ಕುಣಿಯಬಹುದು. ‘ಮಧ್ಯದಲ್ಲಿ ದೊಡ್ಡ ಮೀನು ಐತಿ’ ಅಂತ ಯಾರು ಕರೆದರೂ ಅಂಥ ಹೊತ್ತಿನಲ್ಲಿ ದೋಣಿ ಹತ್ತಬ್ಯಾಡ್ರಿ. ಬೇರೆ ದಿನವೂ ಈಜು ಬರೋರು, ಬಾರದೋರು ಎಲ್ಲರೂ ತೇಲು ಅಂಗಿ ಹಾಕಿಕೊಂಡೇ ಹತ್ತಿರಿ.

ಮಿಂಚು ಕಂಡರೆ ಎಣಿಸಲು ಶುರು ಮಾಡಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮಿಂದ ಸುಮಾರು 10 ಕಿಲೋಮೀಟರ್ ಒಳಗೇ ಇದೆ. ಕೋಲು ಕೆಳಗೆ ಹಾಕಿ ನೀರಿನಿಂದ ದೂರ ಬನ್ನಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಗಟ್ಟಿ ಮನೆಯೊಳಗೆ ಹೋಗಿ, ಇಲ್ಲವಾದರೆ ಬಾಗಿಲು ಮುಚ್ಚಿದ ಜೀಪಿನೊಳಗೆ ಕೂಡ್ರಿ. ತಾಡಪತ್ರಿಯ ಗುಡಾರ ಸಿಡಿಲಿಗೆ ಅಡ್ಡ ಬರೋದಿಲ್ಲ.

ಮಲಗೋದು ಎಲ್ಲಿ? ದಂಡೆಯ ಮೇಲೆ ಕಸಕಡ್ಡಿಯ ಸಾಲು ಕಾಣುತ್ತದಲ್ಲ, ಹಿಂದೆ ನೀರು ಅಲ್ಲಿತನಕ ಬಂದಿತ್ತು. ಅದಕ್ಕಿಂತ ಮೇಲೆ ಮಲಗಿರಿ. ಒಣ ಹಳ್ಳದಲ್ಲಿ ಬೇಡ. ನೆಲದ ಮೇಲೆ ಬರಿ ಚಾಪೆಯಲ್ಲೂ ಬೇಡ. ಕಟ್ಟು ಹಾವು ರಾತ್ರಿ ತಿರುಗುತ್ತದೆ, ಮರಾಠಿಯವರು ಇದನ್ನು ಮಣ್ಯಾರ ಅನ್ನುತ್ತಾರೆ. ಅದು ಕಚ್ಚಿದರೆ ನೋವೇ ಇಲ್ಲದಿರಬಹುದು, ಮಲಗಿದವರಿಗೆ ಎಚ್ಚರವೂ ಆಗಲಿಕ್ಕಿಲ್ಲ. ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿರಿ. ಪರದೆ ಹಾವಿಗೂ ಅಡ್ಡ. ಕಚ್ಚಿತು ಅನ್ನೋ ಸಂಶಯ ಬಂದರೂ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ. 108ಕ್ಕೆ ಫೋನ್ ಮಾಡಿ ದೊಡ್ಡ ಸರಕಾರಿ ದವಾಖಾನೆಗೆ ಹೋಗಿ.

ಬೆಳಗ್ಗೆ ಬೇಗ ಏಳ್ರಿ. ನಸುಕಿನಲ್ಲಿ ಕೆಲವು ಕೆರೆಗಳಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಹಸಿವೆಯಿಂದ ಅಲ್ಲ. ಪಾಚಿ ಹಗಲು ನೀರಿಗೆ ಉಸಿರು ಕೊಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ನಸುಕಿಗೆ ನೀರಿನಲ್ಲಿ ಉಸಿರೇ ಕಮ್ಮಿ. ಆ ಹೊತ್ತಿನಲ್ಲಿ ಅವು ಗಾಳ ಮುಟ್ಟೋದು ಕಡಿಮೆ. ಮೂರು ಕಲ್ಲಿಟ್ಟು ಚಹಾ ಕಾಸಿರಿ, ರಾತ್ರಿ ಸಿಕ್ಕ ಚಿಲಾಪಿಗೆ ಉಪ್ಪು ಖಾರ ಹಚ್ಚಿ ಕಟಕ ರೊಟ್ಟಿಯ ಜೊತೆ ತಿನ್ನಿರಿ. ಮೀನು ಸಿಗದಿದ್ದರೆ ಶೇಂಗಾ ಚಟ್ನಿ ಇದ್ದೇ ಇದೆ.

ಹೊರಡುವಾಗ ಬೆಂಕಿಗೆ ನೀರು ಹಾಕಿರಿ. ತುಂಡಾದ ನೈಲಾನ್ ದಾರವನ್ನು ಸುತ್ತಿ ಕಿಸೆಯಲ್ಲಿ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಉಜನಿಗೆ ಬರುವ ಉದ್ದ ಕಾಲಿನ ರಾಜಹಂಸಗಳು ಇದೇ ತೆಳು ನೀರಿನಲ್ಲಿ ನಡೆಯುತ್ತವೆ. ದಾರ ಕಾಲಿಗೆ ಸುತ್ತಿಕೊಂಡರೆ ಬಿಡಿಸಲು ಅವಕ್ಕೆ ಕೈ ಇಲ್ಲ.