ಪುಶ್‌ಓವರ್ ನಿಂತಿದ್ದು ಕೆಳಮಹಡಿಯಲ್ಲಿ

ಅಪ್ಪ ದೊಡ್ಡಬಳ್ಳಾಪುರದಲ್ಲಿ ಗಾರೆ ಮೇಸ್ತ್ರಿ. ಅವರು ಕಟ್ಟುವಂಥದ್ದೇ ಒಂದು ಕಟ್ಟಡವನ್ನು ನಾನು ಮಿನಿ ಪ್ರಾಜೆಕ್ಟ್‌ಗೆ ಆರಿಸಿಕೊಂಡೆ: ಕೆಳಗೆ ಗೋಡೆಯಿಲ್ಲದ ಪಾರ್ಕಿಂಗ್, ಮೇಲೆ ಮೂರು ಮಹಡಿ ಬಾಡಿಗೆ ಮನೆ. ಇಟ್ಯಾಬ್ಸ್‌ನಲ್ಲಿ ಅದರ ಪುಶ್‌ಓವರ್ ವಿಶ್ಲೇಷಣೆ ಮಾಡಬೇಕಿತ್ತು. ಕಟ್ಟಡವನ್ನು ಪಕ್ಕದಿಂದ ಹಂತಹಂತವಾಗಿ ತಳ್ಳುತ್ತಾ ಯಾವ ತೊಲೆ, ಯಾವ ಕಂಬ ಮೊದಲು ಸೋಲುತ್ತದೆಂದು ನೋಡುವ ಲೆಕ್ಕವದು. ಸೋತ ಜಾಗ ಬಾಗಿಲ ಕೀಲಿನಂತೆ ತಿರುಗತೊಡಗುತ್ತದೆ; ಅದೇ ಹಿಂಜ್.

ನನ್ನ ಲೆಕ್ಕ ನಾಲ್ಕನೇ ಹಂತಕ್ಕೇ ನಿಂತಿತು. ಮೂರು ರಾತ್ರಿ ಐಟರೇಷನ್ ಹೆಚ್ಚಿಸಿದೆ, ಟಾಲರೆನ್ಸ್ ಸಡಿಲಿಸಿದೆ. (ಜ್ವರ ಬಂದಾಗ ಥರ್ಮಾಮೀಟರ್ ಬದಲಿಸಿದ ಹಾಗೆ!) ಆಮೇಲೆ ನೋಡಿದರೆ ತಪ್ಪು ನನ್ನದೇ. ಕಟ್ಟಡದ ಭಾರ ಹೇರುವ ಮೊದಲೇ ತಳ್ಳಲು ಶುರು ಮಾಡಿದ್ದೆ. ಕಂಬ ಎಷ್ಟು ಬಾಗುವಿಕೆ ತಡೆಯುತ್ತದೆ ಎಂಬುದು ಅದರ ಮೇಲಿನ ಭಾರವನ್ನೂ ಅವಲಂಬಿಸಿದೆ. ಹಾಗಾಗಿ ಗ್ರ್ಯಾವಿಟಿ ಕೇಸ್ ಮುಗಿದ ಸ್ಥಿತಿಯಿಂದಲೇ ಪುಶ್ ಆರಂಭವಾಗಬೇಕು. ಇನ್ನೊಂದು, ಲೋಡ್ ಕಂಟ್ರೋಲ್. ಕಟ್ಟಡದ ಬಲ ಕುಸಿಯತೊಡಗಿದ ಮೇಲೆ ಬಲವನ್ನೇ ಏರಿಸುತ್ತಾ ಹೋಗಲಾಗದು. ತಾರಸಿಯ ಒಂದು ಬಿಂದು ಎಷ್ಟು ಸರಿಯಬೇಕೆಂದು ಹೇಳುವ ಡಿಸ್‌ಪ್ಲೇಸ್‌ಮೆಂಟ್ ಕಂಟ್ರೋಲ್ ಬೇಕು.

ಎರಡನ್ನೂ ತಿದ್ದಿದೆ. ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತಿತು! "ಎರರ್ ಓದಬೇಡ, ಹಿಂಜ್ ನೋಡು" ಎಂದರು ಗೈಡ್ ಮೇಡಂ. ನೋಡಿದೆ. ಕೆಳಮಹಡಿಯ ಪ್ರತಿ ಕಂಬದ ಬುಡದಲ್ಲೂ ತಲೆಯಲ್ಲೂ ಹಿಂಜ್. ಮೇಲೆ ಒಂದೂ ಇಲ್ಲ. ಇಟ್ಟಿಗೆ ಗೋಡೆಗಳನ್ನು ಓರೆ ಸ್ಟ್ರಟ್‌ಗಳಾಗಿ ಸೇರಿಸಿದ್ದರಿಂದ ಮೇಲಿನ ಮೂರು ಮಹಡಿ ಪೆಟ್ಟಿಗೆಯಂತೆ ಬಿಗಿಯಾಗಿತ್ತು. ಅದರಡಿ ಕಂಬಗಳು ಮಾತ್ರ. ಅವು ಸೋತ ಮೇಲೆ ತಳ್ಳಲು ಕಟ್ಟಡವೇ ಉಳಿದಿರಲಿಲ್ಲ. ಸಾಫ್ಟ್‌ವೇರ್ ಸರಿಯಾಗಿಯೇ ನಿಂತಿತ್ತು.

ಇದು ಸಾಫ್ಟ್ ಸ್ಟೋರಿ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಇಂಥ ಅಪಾರ್ಟ್‌ಮೆಂಟ್‌ಗಳು ಕುಸಿದವು. 2016ರ ಐಎಸ್ 1893 ನಕ್ಷೆಯಲ್ಲಿ ನಮ್ಮದು ವಲಯ 2, ಅತಿ ಕಡಿಮೆ ಅಪಾಯದ್ದು, ನಿಜ. ಆದರೂ 2021ರ ಡಿಸೆಂಬರ್ 22ರಂದು ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಭೂಮಿ ಸಣ್ಣಗೆ ಅಲುಗಿತ್ತು.

ಕೆಳಗೆ ಎರಡು ಅಂಕಣಕ್ಕೆ ಗೋಡೆ ಕೊಟ್ಟು ಮತ್ತೆ ಓಡಿಸಿದೆ. ಹಿಂಜ್‌ಗಳು ಮೇಲಿನ ತೊಲೆಗಳಿಗೂ ಹಂಚಿಹೋದವು. ಅಪ್ಪನಿಗೆ ಎರಡೂ ಚಿತ್ರ ತೋರಿಸಿದೆ.

"ಗೋಡೆ ಎತ್ತಿದ್ರೆ ಓನರ್ ಕಾರು ಎಲ್ಲಿ ನಿಲ್ಲಿಸ್ತಾರೋ?" ಎಂದರು.

ಉತ್ತರ ನನ್ನಲ್ಲಿರಲಿಲ್ಲ. ಅವರು ಮೊದಲ ಚಿತ್ರವನ್ನೇ ಇನ್ನೊಂದು ಸಲ ನೋಡಿದರು. "ತೂಬಗೆರೆ ಹತ್ರ ಒಂದು ಮನೆಗೆ ಪಾಯ ತೆಗೀತಿದೀವಿ. ಇದನ್ನ ಅಲ್ಲಿನ ಎಂಜಿನಿಯರ್‌ಗೆ ತೋರಿಸೋಣ. ಭಾನುವಾರ ನೀನೂ ಬಾ."