ಸಿಂಕ್ ಎಷ್ಟು ಹೆಜ್ಜೆ ದೂರ?

ಕಳೆದ ರಜೆಯಲ್ಲಿ ನಮ್ಮ ಅಜ್ಜಿಯನ್ನು ಶಿಗ್ಗಾಂವದಿಂದ ದೂರದ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಎರಡು ರಾತ್ರಿ ನಾನು ಜೊತೆಗಿದ್ದೆ. ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್. ಒಬ್ಬರ ಸಲೈನ್ ಬದಲಿಸಿ, ಅದೇ ಕೈಯಲ್ಲಿ ಪಕ್ಕದವರ ನಾಡಿ ನೋಡಿ ನಮ್ಮ ಮಂಚಕ್ಕೆ ಬರ್ತಿದ್ರು. ನನಗೆ ಸಿಟ್ಟು ಬಂತು. ಅಜ್ಜಿ ಅಂದ್ಲು: "ಪಾಪ, ಆಕಿಗೆ ಉಸರಾಡಾಕ ಪುರಸೊತ್ತಿಲ್ಲ. ಕೈ ಯಾವಾಗ ತೊಳಕೋಬೇಕು?"

ಆಮೇಲೆ ಎಣಿಸಿ ನೋಡಿದೆ. ವಾರ್ಡಿನ ಒಂದೇ ಸಿಂಕ್ ನಮ್ಮ ಮಂಚದಿಂದ 26 ಹೆಜ್ಜೆ ದೂರ ಇತ್ತು.

ಕೈ ತೊಳೆದರೆ ಜೀವ ಉಳಿಯುತ್ತೆ ಅನ್ನೋದು ಹಳೇ ವಿಷಯ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್ ಎಂಬ ಡಾಕ್ಟರ್ ಒಂದು ವಿಚಿತ್ರ ಗಮನಿಸಿದ. ಸೂಲಗಿತ್ತಿಯರು ನೋಡಿಕೊಳ್ಳುವ ವಾರ್ಡಿಗಿಂತ ಡಾಕ್ಟರ್‌ಗಳ ವಾರ್ಡಿನಲ್ಲೇ ಹೆಚ್ಚು ಬಾಣಂತಿಯರು ಸಾಯುತ್ತಿದ್ದರು. ಡಾಕ್ಟರ್‌ಗಳು ಶವಪರೀಕ್ಷೆ ಮುಗಿಸಿ ನೇರ ಹೆರಿಗೆಗೆ ಬರ್ತಿದ್ರು. ಮೇ ತಿಂಗಳಲ್ಲಿ ಕ್ಲೋರಿನ್ ನೀರಲ್ಲಿ ಕೈ ತೊಳೆಯೋದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18 ಇದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು.

ಹಾಗಾದ್ರೆ ಇವತ್ತಿಗೂ ಯಾಕೆ ತೊಳೆಯಲ್ಲ? ಲೆಕ್ಕ ಹಾಕೋಣ. ಸೋಪಿನಿಂದ ಸರಿಯಾಗಿ ತೊಳೆಯೋಕೆ 40ರಿಂದ 60 ಸೆಕೆಂಡ್ ಬೇಕು. ಗಂಟೆಗೆ 15 ಸಲ ಅಂದುಕೊಂಡರೂ, 60 ಸೆಕೆಂಡಿನ ಲೆಕ್ಕದಲ್ಲಿ 8 ಗಂಟೆ ಶಿಫ್ಟಿನಲ್ಲಿ 2 ಗಂಟೆ ಬರೀ ಕೈ ತೊಳೆಯೋಕೇ ಹೋಯ್ತು. ಸಿಂಕಿಗೆ ನಡೆಯೋ ಸಮಯ ಬೇರೆ. ಅಂದ್ರೆ ತಪ್ಪು ಸಿಸ್ಟರದ್ದಷ್ಟೇ ಅಲ್ಲ, ಡಿಸೈನಿನದು.

ಸ್ಯಾನಿಟೈಸರಿಗೆ 20ರಿಂದ 30 ಸೆಕೆಂಡ್ ಸಾಕು, ಬಾಟಲಿ ಮಂಚದ ಪಕ್ಕದಲ್ಲೇ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಫಾರ್ಮುಲಾದಲ್ಲಿ ಎಥನಾಲ್ 80 ಪರ್ಸೆಂಟ್. ಪೂರ್ತಿ 100 ಯಾಕಲ್ಲ? ರೋಗಾಣುವಿನ ಪ್ರೋಟೀನ್ ಕೆಡಿಸೋಕೆ ಸ್ವಲ್ಪ ನೀರೂ ಬೇಕು. ಚರ್ಮ ಒಣಗದಿರಲಿ ಅಂತ ಗ್ಲಿಸರಾಲ್ ಹಾಕ್ತಾರೆ. ಆದ್ರೆ ಕೈಗೆ ರಕ್ತ, ಕೊಳೆ ಅಂಟಿದ್ದರೆ ಸೋಪು ನೀರೇ ಬೇಕು. ಗ್ಲೌಸ್ ಹಾಕಿದ್ದರೂ ಕೈ ಸ್ವಚ್ಛತೆ ತಪ್ಪಲ್ಲ.

ಜಿನೀವಾದ ಆಸ್ಪತ್ರೆಯೊಂದು ಮಂಚದ ಪಕ್ಕ ಬಾಟಲಿ ಇಟ್ಟು, ಗೋಡೆಗೆ ಪೋಸ್ಟರ್ ಹಚ್ಚಿ, ಎಷ್ಟು ಪಾಲಿಸಿದ್ದಾರೆ ಅನ್ನೋ ಲೆಕ್ಕವನ್ನು ಸಿಬ್ಬಂದಿಗೇ ತೋರಿಸಿತು. 1994ರಲ್ಲಿ 48 ಪರ್ಸೆಂಟ್ ಇದ್ದ ಪಾಲನೆ 1997ಕ್ಕೆ 66 ಆಯ್ತು. ಆಸ್ಪತ್ರೆಯಲ್ಲಿ ಅಂಟುವ ಸೋಂಕೂ ಇಳಿಯಿತು.

ಕೈ ಸ್ವಚ್ಛ ಮಾಡಬೇಕಾದ ಐದು ಸಮಯಗಳಿವೆ: ರೋಗಿಯನ್ನು ಮುಟ್ಟುವ ಮೊದಲು, ಸೂಜಿ ಅಥವಾ ಡ್ರೆಸ್ಸಿಂಗಿನಂಥ ಕೆಲಸಕ್ಕೆ ಮೊದಲು, ರಕ್ತ ಮುಂತಾದವು ತಗುಲಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ಅವರ ಮಂಚ ಮೇಜು ಮುಟ್ಟಿದ ನಂತರ.

ನಮ್ಮಲ್ಲಿ ಕೆಲವರಿಗೆ ಈಗಾಗಲೇ ಪ್ರಾಜೆಕ್ಟ್ ಐಡಿಯಾ ಹೊಳೆದಿರುತ್ತೆ: ಬಾಟಲಿಗೆ ಸೆನ್ಸರ್ ಹಾಕಿ ಎಣಿಸೋಣ! ಒಳ್ಳೇದೇ. ಆದ್ರೆ ಎಷ್ಟು ಸಲ ಒತ್ತಿದರು ಅಂತ ಸೆನ್ಸರ್ ಹೇಳುತ್ತೆ, ರೋಗಿಯನ್ನು ಮುಟ್ಟುವ ಮೊದಲೋ ನಂತರವೋ ಹೇಳಲ್ಲ. ಮನುಷ್ಯರನ್ನು ನಿಲ್ಲಿಸಿದರೆ, ನೋಡ್ತಿದ್ದಾರೆ ಅಂತಲೇ ಎಲ್ಲರೂ ತೊಳೀತಾರೆ. ಇದನ್ನು ಬಿಡಿಸಿದರೆ ನಿಜವಾದ ಪ್ರಾಜೆಕ್ಟ್.

ಕೊನೆಗೆ ಒಂದು ಮಾತು. ಆ ಎರಡು ರಾತ್ರಿ ಅಜ್ಜಿಯ ದಿಂಬು ಸರಿಮಾಡಿದ್ದು, ಸಲೈನ್ ಪೈಪ್ ಹಿಡಿದದ್ದು ನಾನು. ಸಿಸ್ಟರ್ ಮೇಲೆ ಸಿಟ್ಟಾದ ನಾನು ಎಷ್ಟು ಸಲ ಕೈ ತೊಳೆದೆ? ಊಟಕ್ಕೆ ಮುಂಚೆ ಮಾತ್ರ.