ಹಿಮಪಾತ ಮತ್ತು ಹಿಮಸ್ಖಲನ: ಶಬ್ದಾರ್ಥವಿಚಾರ

ಸಂಸ್ಕೃತದಲ್ಲಿ ಹಿಮವಾಚಕ ಶಬ್ದಗಳು ಹೇರಳವಾಗಿವೆ. ತುಷಾರ, ತುಹಿನ, ಪ್ರಾಲೇಯ, ನೀಹಾರಾದಿಗಳನ್ನು ಒಂದೆಡೆ ಪಠಿಸಿದ ಅಮರಸಿಂಹನು ಹಿಮದ ರಾಶಿಗೆ 'ಹಿಮಾನೀ' ಎಂಬ ಬೇರೆ ಹೆಸರನ್ನು ಕೊಟ್ಟಿರುವನು. ಹಿಮಶಬ್ದಕ್ಕೆ ಮಹತ್ತ್ವಾರ್ಥದಲ್ಲಿ ಆನುಗಾಗಮವೂ ಙೀಷ್ ಪ್ರತ್ಯಯವೂ ಬಂದು ಈ ರೂಪವು ಸಿದ್ಧಿಸುವುದೆಂಬುದು ವೈಯಾಕರಣರಿಗೆ ವಿದಿತವೇ ಸರಿ. ಆದರೆ ಆ ರಾಶಿಯು ಬೆಟ್ಟದ ಇಳಿಜಾರಿನಿಂದ ಕಳಚಿ ಹರಿಯುವ ವ್ಯಾಪಾರಕ್ಕೆ ಕನ್ನಡದಲ್ಲಿ ಒಂದು ಹೆಸರು ನೆಲೆಗೊಂಡಿಲ್ಲ. 'ಹಿಮಪಾತ'ವೆಂಬ ಪದವೇ ಆಕಾಶದಿಂದ ಹಿಮ ಬೀಳುವುದಕ್ಕೂ ಇದಕ್ಕೂ ಸಲ್ಲುತ್ತಿದೆ. ಈ ಸಾಂಕರ್ಯದಿಂದ ಅರ್ಥಹಾನಿಯೊಡನೆ ಪ್ರಾಣಹಾನಿಯೂ ಸಂಭವನೀಯವಾದುದರಿಂದ ವಿಷಯವು ವಿಚಾರಾರ್ಹವಾಗಿದೆ.

ಹಿಮವು ಪದರಪದರವಾಗಿ ಕೂಡುವುದು. ತೆಳುವಾದ ಹಿಮದ ಹೊದಿಕೆಯ ಕೆಳಗೆ ನೆಲವು ಬೆಚ್ಚಗೂ ಮೇಲಣ ಗಾಳಿಯು ಅತಿಶೀತವಾಗಿಯೂ ಇದ್ದಲ್ಲಿ, ನಡುವಣ ಕಣಗಳು ಸಕ್ಕರೆಯ ಹರಳುಗಳಂತೆ ಬಿಡಿಬಿಡಿಯಾಗಿ ಪರಸ್ಪರ ಬಂಧವನ್ನು ಕಳೆದುಕೊಳ್ಳುವುವು. ಅದರ ಮೇಲೆ ಹೊಸ ಹಿಮವು ಬಿದ್ದು, ಗಾಳಿಯ ಒತ್ತಡದಿಂದ ಹಲಗೆಯಂತೆ ಗಟ್ಟಿಯಾದರೆ, ಬಲವಾದುದು ದುರ್ಬಲವಾದುದನ್ನು ಆಶ್ರಯಿಸಿದಂತಾಯಿತು. ೩೦ ರಿಂದ ೪೫ ಡಿಗ್ರಿಗಳ ಇಳಿಜಾರಿನಲ್ಲಿ ಇಂತಹ ಹಲಗೆಯು ಒಬ್ಬ ಪಥಿಕನ ಭಾರಮಾತ್ರದಿಂದಲೇ ಒಡೆದು ಜಾರಬಲ್ಲುದು. ಇದಕ್ಕಿಂತ ಬಹು ಕಡಿದಾದ ಕಡೆ ಹಿಮವು ಆಗಾಗ ಉದುರಿಹೋಗುವುದರಿಂದ ದೊಡ್ಡ ಹಲಗೆ ಕೂಡುವುದು ವಿರಳ. ಪರ್ವತಸಂಚಾರಿಗಳು ಮಡಿದ ಪ್ರಸಂಗಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತರಲ್ಲಿ ಆ ಜಾರುವಿಕೆಗೆ ಅವರ ಅಥವಾ ಅವರ ಸಂಗಡಿಗರ ಹೆಜ್ಜೆಯೇ ಕಾರಣವೆಂದು ತಿಳಿದುಬಂದಿದೆ.

ಪತ್ ಧಾತುವಿಗೆ ಬೀಳುವುದೆಂದೂ ಸ್ಖಲ್ ಧಾತುವಿಗೆ ಜಾರುವುದೆಂದೂ ಅರ್ಥ. 'ಪಾತ'ವೆಂದೊಡನೆ ಕೇಳಿದವನ ದೃಷ್ಟಿಯು ಶಿಖರದ ಕಡೆಗೆ ಹೋಗುವುದು. 'ಸ್ಖಲನ'ವೆಂದರೆ ತನ್ನ ಕಾಲ ಕೆಳಗಣ ಪದರವು ನೆನಪಾಗುವುದು. ಕಾಲಿಟ್ಟಾಗ ಹಿಮದೊಳಗಿನಿಂದ ಕೇಳುವ ಗುಮ್ಮೆಂಬ ಸದ್ದು, ಹೆಜ್ಜೆಯಿಂದ ಮುಂದಕ್ಕೆ ಓಡುವ ಬಿರುಕು, ನೆರೆಯ ಇಳಿಜಾರಿನಲ್ಲಿ ಹೊಸದಾಗಿ ಜಾರಿದ ಗುರುತು ಇವು ಹಿಂದಿರುಗತಕ್ಕ ಲಕ್ಷಣಗಳು. ಇವೆಲ್ಲವೂ ಸ್ಖಲನದ ಸೂಚನೆಗಳೇ ಹೊರತು ಪಾತದವಲ್ಲ.

ಇಲ್ಲಿ ಒಂದು ಆಕ್ಷೇಪವುಂಟು. ೨೦೧೬ ನೆಯ ಫೆಬ್ರವರಿ ೩ ರಂದು ಸಿಯಾಚಿನ್ ನೀರ್ಗಲ್ಲಿನ ಸೋನಮ್ ಠಾಣ್ಯದ ಹತ್ತು ಮಂದಿ ಯೋಧರನ್ನು ಹೂತುಹಾಕಿದುದು ಮೇಲಿನಿಂದ ಕುಸಿದ ಹಿಮಗಡ್ಡೆಯ ಗೋಡೆಯಲ್ಲವೆ? ನಿಜ. ಅಂತಹುದನ್ನು 'ಹಿಮಕುಸಿತ'ವೆಂದು ಬೇರ್ಪಡಿಸುವುದು ಯುಕ್ತ. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಎಂಬ ವೀರನು ಅಲ್ಲಿ ಆರು ದಿನಗಳ ಬಳಿಕ ಸಜೀವನಾಗಿ ದೊರೆತು, ಆ ತಿಂಗಳ ೧೧ ರಂದು ದೆಹಲಿಯಲ್ಲಿ ದಿವಂಗತನಾದನು. ಅದು ಅಪವಾದ. ಹಿಮದಲ್ಲಿ ಪೂರ್ಣವಾಗಿ ಹೂತವರನ್ನು ಸುಮಾರು ೧೫ ನಿಮಿಷಗಳೊಳಗೆ ಹೊರತೆಗೆದರೆ ಬಹುಮಂದಿ ಬದುಕುವರು. ಅರ್ಧ ಗಂಟೆ ಮೀರಿದರೆ ಉಳಿಯುವವರು ಮೂರರಲ್ಲೊಂದು ಪಾಲು ಮಾತ್ರ.

ಆದುದರಿಂದ ಆಕಾಶದಿಂದ ಬೀಳುವುದಕ್ಕೆ ಹಿಮಪಾತವೆಂದೂ, ಗಡ್ಡೆಯು ಮುರಿದು ಬೀಳುವುದಕ್ಕೆ ಹಿಮಕುಸಿತವೆಂದೂ, ಪದರವು ಜಾರುವುದಕ್ಕೆ ಹಿಮಸ್ಖಲನವೆಂದೂ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು. ಹಿಮಾಲಯಯಾತ್ರೆಗೆ ಹೊರಡುವ ತರುಣರಿಗೆ ಪಾಠ ಹೇಳುವ ಅಧ್ಯಾಪಕರು ಈ ಭೇದವನ್ನು ಮೊದಲೇ ತಿಳಿಸುವುದು ಶ್ರೇಯಸ್ಕರ.